ಮಹಿಷಾಸುರನ ಪಕ್ಕದಲ್ಲಿ ಗೋಣಿ ಹಿಡಿದು ನಿಂತವರು

ಯಕ್ಷಗಾನ ನೋಡಿ ಬೆಳೆದವರಿಗೆ ಮಹಿಷಾಸುರನ ಪ್ರವೇಶ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ನೋಡದವರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ‘ದೇವಿ ಮಹಾತ್ಮೆ’ ಪ್ರಸಂಗದ ಈ ರಾಕ್ಷಸ ಬೇರೆ ವೇಷಗಳ ಹಾಗೆ ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ಜನ ಕೂತಿರುವ ಕಡೆಯಿಂದ, ಅವರ ಬೆನ್ನ ಹಿಂದಿನಿಂದ ಬರುತ್ತಾನೆ. ತಲೆಯ ಮೇಲೆ ಎರಡು ದೊಡ್ಡ ಕೊಂಬು, ಅಕ್ಕಪಕ್ಕ ಉರಿಯುವ ದೊಂದಿಗಳು. ಆ ಉರಿಗೆ ರಾಳದ ಪುಡಿ ಎರಚಿದರೆ ಬೆಂಕಿ ಭಗ್ಗೆಂದು ಆಳೆತ್ತರಕ್ಕೆ ಎದ್ದು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಾಯವಾಗುತ್ತದೆ. ಚೆಂಡೆ ಒಂದೇ ಸಮನೆ ಬಡಿಯುತ್ತಿರುತ್ತದೆ. ಮಕ್ಕಳು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುತ್ತಾರೆ. ದೊಡ್ಡವರು ಮೊಬೈಲ್ ಎತ್ತಿ ಹಿಡಿಯುತ್ತಾರೆ.

ಆ ವಿಡಿಯೋಗಳಲ್ಲಿ ಕಾಣಿಸದ ನಾಲ್ಕು ಜನರ ಬಗ್ಗೆ ಈ ಬರಹ. ಅವರಲ್ಲಿ ನಾನೂ ಒಬ್ಬ.

ನಾನು ಬಸವೇಶ್ವರನಗರದಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್. ಮೂಲ ಮೂಡುಬಿದಿರೆ ಕಡೆ. ರಾಜಾಜಿನಗರ, ವಿಜಯನಗರ, ನಾಗರಭಾವಿಯಲ್ಲಿರುವ ನಮ್ಮ ಕಡೆಯವರು ಹತ್ತಿಪ್ಪತ್ತು ಜನ ಸೇರಿ ವಾರಕ್ಕೊಮ್ಮೆ ಹೆಜ್ಜೆ ಕಲಿಯುತ್ತೇವೆ, ವರ್ಷಕ್ಕೆ ಒಂದೋ ಎರಡೋ ಆಟ ಆಡುತ್ತೇವೆ. ಒಬ್ಬ ಬ್ಯಾಂಕಿನಲ್ಲಿದ್ದಾನೆ, ಒಬ್ಬ ಸಿಎ, ಇಬ್ಬರು ಟೀಚರ್, ಉಳಿದವರೆಲ್ಲ ಲ್ಯಾಪ್‌ಟಾಪ್ ಮುಂದೆ ಕೂರುವವರೇ. ಕಳೆದ ಡಿಸೆಂಬರಿನಲ್ಲಿ ‘ದೇವಿ ಮಹಾತ್ಮೆ’ ಆಡುವುದೆಂದು ತೀರ್ಮಾನವಾಯಿತು. ಮಹಿಷಾಸುರ ನನ್ನ ತಮ್ಮ, ಅಂದರೆ ಚಿಕ್ಕಮ್ಮನ ಮಗ. ವಯಸ್ಸು ಇಪ್ಪತ್ನಾಲ್ಕು. ಅವನಿಗೆ ಅದು ಮೊದಲ ಬಣ್ಣದ ವೇಷ.

ರಾಜಾಜಿನಗರದ ಮನೆಯಲ್ಲಿ ಚಿಕ್ಕಮ್ಮನಿಗೆ ವಿಷಯ ಹೇಳಿದಾಗ ಅವರು ಬೇಡ ಅನ್ನಲಿಲ್ಲ. ಅವರ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಹಳೆಯ ಸುಟ್ಟ ಕಲೆ ಇದೆ. ಪಂಪ್ ಸ್ಟೌವ್ ಕಾಲದ್ದು. ಅದರ ಮೇಲೆ ಕೈಯಾಡಿಸುತ್ತ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: “ಅವನ ಮೈಗೆ ಬೆಂಕಿ ಹತ್ತಿದರೆ ಮೊದಲು ಓಡುವವರು ಯಾರು? ಎಲ್ಲರೂ ಓಡ್ತೇವೆ ಅಂತ ಹೇಳ್ಬೇಡ. ಒಬ್ಬರ ಹೆಸರು ಹೇಳು.”

ಆಫೀಸಿನಲ್ಲಿ ಸರ್ವರ್ ಬಿದ್ದರೆ ಮೊದಲು ಫೋನ್ ಎತ್ತುವವರು ಯಾರು ಅಂತ ನಾವು ಮೊದಲೇ ಬರೆದಿಟ್ಟಿರುತ್ತೇವೆ. ಅದಕ್ಕೆ ಆನ್‌ಕಾಲ್ ಅಂತ ಹೆಸರು. ನನ್ನ ಹೆಸರು ಹೇಳಿದೆ. ಅಲ್ಲಿಂದ ಮುಂದೆ ಎರಡು ತಿಂಗಳು ನಾನು ಹೆಜ್ಜೆ ಕಲಿಯುವುದನ್ನು ಬಿಟ್ಟು ಬೆಂಕಿಯ ಕೆಲಸ ಕಲಿತೆ.

ದಿನಾ ಹಿಡಿಯುವವರು, ವರ್ಷಕ್ಕೊಮ್ಮೆ ಹಿಡಿಯುವವರು

ನಮ್ಮ ತಂಡಕ್ಕೆ ಹಿಮ್ಮೇಳ ಒದಗಿಸುವ ಹಿರಿಯ ಭಾಗವತರೊಬ್ಬರಿದ್ದಾರೆ, ನಾವೆಲ್ಲ ಮಾವ ಅಂತಲೇ ಕರೆಯುತ್ತೇವೆ. “ನಿಮ್ಮ ಕಾಲದಲ್ಲಿ ಇದಕ್ಕೆಲ್ಲ ಏನು ಮಾಡ್ತಿದ್ರಿ ಮಾವ?” ಅಂತ ಕೇಳಿದೆ. “ಏನೂ ಮಾಡ್ತಿರಲಿಲ್ಲ ಮಾರಾಯ, ದೊಂದಿಯವನಿಗೆ ಎಲ್ಲ ಗೊತ್ತಿರ್ತಿತ್ತು” ಅಂದರು.

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಗ್ಯಾಸ್‌ಲೈಟು, ಟ್ಯೂಬ್‌ಲೈಟು ಬರುವ ಮೊದಲು ಯಕ್ಷಗಾನಕ್ಕೆ ಬೆಳಕೇ ದೊಂದಿಯದ್ದು. ಇಡೀ ರಾತ್ರಿ ಅದು ಉರಿಯಬೇಕಿತ್ತು. ಎಣ್ಣೆ ಯಾವಾಗ ಹಾಕಬೇಕು, ಗಾಳಿ ತಿರುಗಿದರೆ ಎತ್ತ ಸರಿಯಬೇಕು, ಕುಣಿಯುವ ವೇಷದಿಂದ ಎಷ್ಟು ದೂರ ನಿಲ್ಲಬೇಕು ಅನ್ನುವುದೆಲ್ಲ ಆ ಕೆಲಸದವನ ಕೈಗೆ ರೂಢಿಯಾಗಿತ್ತು. ಕರೆಂಟು ಬಂದ ಮೇಲೆ ದೊಂದಿ ಬೆಳಕಾಗಿ ಉಳಿಯಲಿಲ್ಲ, ನೋಟವಾಯಿತು. ರಾಕ್ಷಸ ಬರುವಾಗ ಐದು ನಿಮಿಷ ಹಚ್ಚಿ ಆರಿಸುತ್ತೇವೆ. ಊರಿನ ಮೇಳಗಳಲ್ಲಿ ಆ ರೂಢಿ ಇನ್ನೂ ಇದೆ. ಕಟೀಲು ಮೇಳಗಳು ಹರಕೆಯ ಆಟವಾಗಿ ‘ದೇವಿ ಮಹಾತ್ಮೆ’ಯನ್ನು ಮತ್ತೆ ಮತ್ತೆ ಆಡುತ್ತವೆ, ಅವರಿಗೆ ಇದು ಸೀಸನ್ ಪೂರ್ತಿ ಮಾಡುವ ಕೆಲಸ. ನಮಗೋ ವರ್ಷಕ್ಕೊಮ್ಮೆ.

ಅಪಾಯ ಹೆಚ್ಚು ಇರುವುದು ವರ್ಷಕ್ಕೊಮ್ಮೆ ಬೆಂಕಿ ಮುಟ್ಟುವವರಿಗೆ. ರೂಢಿ ಇಲ್ಲದ ಕೈಗೆ ತಯಾರಿ ಒಂದೇ ದಾರಿ. ಮಾವ ಹೇಳಿದ ‘ಎಲ್ಲ ಗೊತ್ತಿರ್ತಿತ್ತು’ ಎಂಬುದನ್ನು ಬಿಡಿಸಿ ಬಿಡಿಸಿ ಬರೆದುಕೊಳ್ಳಬೇಕಿತ್ತು. ಬರೆದುಕೊಂಡೆ.

ನೂಲು ಸುಟ್ಟು ನೋಡಿದ ಚಿಕ್ಕಮ್ಮ

ಮೊದಲು ಬಂದದ್ದು ಬಟ್ಟೆಯ ವಿಷಯ. ವೇಷಭೂಷಣ ಬಾಡಿಗೆಗೆ ತಂದದ್ದು. ನೋಡಲಿಕ್ಕೆ ಮಿರಮಿರ ಮಿಂಚುತ್ತಿತ್ತು. ಚಿಕ್ಕಮ್ಮ ಒಂದೊಂದು ಬಟ್ಟೆಯ ಅಂಚಿನಿಂದಲೂ ಒಂದೊಂದು ಎಳೆ ನೂಲು ಕಿತ್ತು, ಸ್ಟೀಲ್ ತಟ್ಟೆಯಲ್ಲಿಟ್ಟು, ಕಡ್ಡಿ ಗೀರಿ ಸುಟ್ಟರು. ಹತ್ತಿಯ ನೂಲು ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್, ನೈಲಾನ್ ನೂಲು ಮುದುಡಿ, ಕರಗಿ, ಕೊನೆಯಲ್ಲಿ ಗಟ್ಟಿ ಮಣಿಯಂತಾಗುತ್ತದೆ. ಸೀರೆ ಕೊಳ್ಳುವಾಗ ಕಲಿತ ಪರೀಕ್ಷೆ ಇದು.

ಆ ಪುಟ್ಟ ಮಣಿಯೇ ನಿಜವಾದ ಭಯ. ಹತ್ತಿಗೂ ಬೆಂಕಿ ಹತ್ತುತ್ತದೆ, ಇಲ್ಲ ಅಂತಲ್ಲ. ಆದರೆ ಅದನ್ನು ಒದ್ದೆ ಬಟ್ಟೆಯಿಂದ ಅದುಮಿ ಆರಿಸಬಹುದು, ಮೈಯಿಂದ ಎಳೆದು ತೆಗೆಯಬಹುದು. ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬೆಂಕಿ ಆರಿದ ಮೇಲೂ ಆ ಬಿಸಿ ಸುಡುತ್ತಲೇ ಇರುತ್ತದೆ.

ಹೆಗಲ ಮೇಲಿನ ಶಾಲು ಮತ್ತು ಸೊಂಟದ ಜರಿ ಬಟ್ಟೆ ಪಾಲಿಯೆಸ್ಟರ್ ಅಂತ ಗೊತ್ತಾಯಿತು. ಅವೆರಡನ್ನೂ ಪಕ್ಕಕ್ಕಿಟ್ಟೆವು. ವಿಜಯನಗರದಲ್ಲಿ ದಪ್ಪ ಹತ್ತಿ ಬಟ್ಟೆ ತಂದು ಚಿಕ್ಕಮ್ಮನೇ ಹೊಲಿದರು. ವೇಷದ ಒಳಗೆ ಕುತ್ತಿಗೆಯಿಂದ ಪಾದದವರೆಗೆ ಹತ್ತಿಯದೇ ಬನಿಯನ್, ಪೈಜಾಮ. ತಮ್ಮನ ಜಿಮ್ ಟೀ ಶರ್ಟ್ ಒಳಗೆ ಹಾಕಿಕೊಳ್ಳುವಂತಿಲ್ಲ ಅಂತ ಕಟ್ಟಪ್ಪಣೆ. ಬೆನ್ನ ಮೇಲೆ ಹಾರುವ ಕೃತಕ ಕೂದಲನ್ನು ಗಂಟು ಕಟ್ಟಿ ಕಿರೀಟದ ಹಿಂದೆ ಹತ್ತಿ ಬಟ್ಟೆಯೊಳಗೆ ಮುಚ್ಚಿದೆವು. ತಮ್ಮನಿಗೆ ಸ್ವಲ್ಪ ಬೇಜಾರಾಯಿತು, ಕೂದಲು ಹಾರಿದರೇ ಚೆಂದ ಅಂತ. ದೊಂದಿ ಆರಿದ ಮೇಲೆ ಬಿಚ್ಚಿ ಹಾರಿಸು ಅಂದೆ.

ದೊಂದಿ ಹಿಡಿಯುವ ಇಬ್ಬರು ಹುಡುಗರಿಗೂ ಇದೇ ನಿಯಮ. ತೋಳು ಸಡಿಲ ಇರಬಾರದು, ಅಂಚು ಜೋತಾಡಬಾರದು, ಕಾಲಿಗೆ ಚರ್ಮದ ಬೂಟು. ಕೈಗೆ ವೆಲ್ಡಿಂಗ್ ಮಾಡುವವರು ಹಾಕಿಕೊಳ್ಳುವ ಚರ್ಮದ ಗ್ಲೌಸ್.

ದೊಂದಿ ಕಟ್ಟುವುದು

ಕೋಲಿನ ತುದಿಗೆ ಬಟ್ಟೆ ಸುತ್ತಿದರೆ ದೊಂದಿ ಆಯಿತು ಅಂತ ಅನ್ನಿಸುತ್ತದೆ. ಆದರೆ ಕೋಲಿನ ತುದಿ ಸುಟ್ಟು ಉರಿಯುವ ಉಂಡೆ ಕೆಳಗೆ ಬಿದ್ದರೆ? ಅದೂ ಜನ ಕೂತಿರುವ ದಾರಿಯಲ್ಲಿ? ಅದಕ್ಕೇ ಕಾಮಾಕ್ಷಿಪಾಳ್ಯದ ಒಂದು ವೆಲ್ಡಿಂಗ್ ಶೆಡ್ಡಿಗೆ ಹೋಗಿ ಕಬ್ಬಿಣದ ಸರಳು ಬೆಸೆದ ಸಣ್ಣ ಬುಟ್ಟಿ ಮಾಡಿಸಿದೆವು. ಬಟ್ಟೆಯ ಉಂಡೆ ಅದರೊಳಗೆ ಕೂರುತ್ತದೆ. ಅದರ ಕೆಳಗೆ ಎಣ್ಣೆ ತೊಟ್ಟಿಕ್ಕದಂತೆ ತಟ್ಟೆಯಾಕಾರದ ತಗಡು. ಆಮೇಲೆ ಮರದ ಹಿಡಿ, ಉರಿ ಮುಖದಿಂದ ದೂರ ಇರುವಷ್ಟು ಉದ್ದ. ಉಂಡೆಗೆ ಹಳೆಯ ಹತ್ತಿ ಪಂಚೆಯನ್ನೇ ಬಿಗಿಯಾಗಿ ಸುತ್ತಿ, ಕಟ್ಟಡದವರು ಬಳಸುವ ಬೈಂಡಿಂಗ್ ವೈರಿನಿಂದ ಕಟ್ಟಿದೆವು. ಪ್ಲಾಸ್ಟಿಕ್ ದಾರ, ನೈಲಾನ್ ಹಗ್ಗ ಹತ್ತಿರಕ್ಕೂ ಸೇರಿಸಲಿಲ್ಲ.

ಇನ್ನು ಎಣ್ಣೆ. ತಂಡದಲ್ಲೊಬ್ಬ “ಸ್ವಲ್ಪ ಪೆಟ್ರೋಲ್ ಹಾಕಿದ್ರೆ ಬೇಗ ಹತ್ತತ್ತೆ” ಅಂದ. ಇದನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಯಿತು: ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅಂದರೆ ಬೆಂಗಳೂರಿನ ಡಿಸೆಂಬರ್ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಉರಿಯುವುದು ಕೋಲಿನ ತುದಿಯಲ್ಲಿರುವ ಎಣ್ಣೆ ಮಾತ್ರವಲ್ಲ, ಸುತ್ತಲಿನ ಗಾಳಿಯಲ್ಲಿ ಕಾಣದಂತೆ ಹರಡಿರುವ ಆವಿಯೂ ಹೌದು. ಸೀಮೆಎಣ್ಣೆಗೆ ಆ ಮಿತಿ 38 ಡಿಗ್ರಿ ಅಥವಾ ಅದಕ್ಕಿಂತ ಮೇಲೆ. ಕೊಬ್ಬರಿ ಎಣ್ಣೆಗೆ 200 ಡಿಗ್ರಿಗೂ ಹೆಚ್ಚು. ಕೊಬ್ಬರಿ ಎಣ್ಣೆ ಹತ್ತುವುದು ನಿಧಾನ, ಆದರೆ ಹೇಳಿದ ಮಾತು ಕೇಳುತ್ತದೆ. ನಾವು ಅದನ್ನೇ ಆರಿಸಿಕೊಂಡೆವು. ಹಚ್ಚಲಿಕ್ಕೆ ತುದಿಯಲ್ಲಿ ಒಂದು ಬಿಲ್ಲೆ ಕರ್ಪೂರ ಸಾಕು.

ಎಣ್ಣೆಯ ಜಾಗಕ್ಕೆ ಮೂರೇ ನಿಯಮ ಬರೆದೆ. ಒಂದು, ಮುಚ್ಚಳ ಇರುವ ಸ್ಟೀಲ್ ಡಬ್ಬಿ, ಬಳಸಿದ ತಕ್ಷಣ ಮುಚ್ಚಬೇಕು. ಎರಡು, ನೆನೆಸಿದ ದೊಂದಿಯನ್ನು ತಲೆಕೆಳಗಾಗಿ ತೂಗುಹಾಕಿ, ತೊಟ್ಟಿಕ್ಕುವುದು ಪೂರ್ತಿ ನಿಂತ ಮೇಲೆ ಒರೆಸಿಯೇ ಕೈಗೆ ಕೊಡಬೇಕು. ಉರಿಯುವ ಹನಿ ಬಟ್ಟೆಯ ಮೇಲೆ ಬೀಳುವುದು ಈ ಹೆಚ್ಚಿನ ಎಣ್ಣೆಯಿಂದಲೇ. ಮೂರು, ಒಮ್ಮೆ ಹಚ್ಚಿದ ದೊಂದಿ ಆರಿದರೂ ಸರಿ, ಮತ್ತೆ ಎಣ್ಣೆ ಡಬ್ಬಿಯ ಹತ್ತಿರ ಬರಬಾರದು. ಕಬ್ಬಿಣ ತಣ್ಣಗೆ ಕಾಣುತ್ತದೆ, ಇರುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಖಾಲಿ ಸೈಟಿನಲ್ಲಿ ಹಚ್ಚಿ ಸಮಯ ನೋಡಿದೆವು. ಒಂದು ದೊಂದಿ ಏಳು ನಿಮಿಷ ಚೆನ್ನಾಗಿ ಉರಿಯಿತು. ಪ್ರವೇಶಕ್ಕೆ ಬೇಕಾದದ್ದು ನಾಲ್ಕು ನಿಮಿಷ. ಮೂರು ನಿಮಿಷ ಕೈಯಲ್ಲಿ ಉಳಿಯಿತು.

ರಾಳ ಮತ್ತು ಒಂದು ‘ಆಗಲ್ಲ’

ರಾಳ ಅಂದರೆ ಮರದ ಅಂಟು ಒಣಗಿದ್ದು. ದೇವರ ಮುಂದೆ ಧೂಪಕ್ಕೆ ಹಾಕುವಂಥದ್ದೇ. ಗಟ್ಟಿಯಾಗಿದ್ದಾಗ ಮೆಲ್ಲಗೆ ಹೊಗೆಯಾಡುತ್ತದೆ. ನುಣ್ಣಗೆ ಪುಡಿ ಮಾಡಿ ಗಾಳಿಗೆ ಎರಚಿದರೆ ಒಂದೊಂದು ಕಣಕ್ಕೂ ಸುತ್ತ ಗಾಳಿ ಸಿಕ್ಕಿ, ಎಲ್ಲ ಒಟ್ಟಿಗೇ ಉರಿಯುತ್ತದೆ. ಚಮತ್ಕಾರ ಇಷ್ಟೇ. ಅಪಾಯವೂ ಇದೇ. 2015ರ ಜೂನ್ 27ರಂದು ತೈವಾನಿನ ಒಂದು ವಾಟರ್ ಪಾರ್ಕಿನ ಪಾರ್ಟಿಯಲ್ಲಿ ಜನರ ಮೇಲೆ ಬಣ್ಣದ ಜೋಳದ ಹಿಟ್ಟು ಎರಚಿದ್ದರು. ಅದಕ್ಕೆ ಬೆಂಕಿ ತಾಗಿ 15 ಜನ ಸತ್ತರು, ಐನೂರರಷ್ಟು ಜನಕ್ಕೆ ಸುಟ್ಟ ಗಾಯವಾಯಿತು. ಅಡುಗೆಮನೆಯ ಹಿಟ್ಟೇ ಹೀಗೆ ಮಾಡಿದರೆ ರಾಳದ ಕತೆ ಹೇಳಬೇಕೇ?

ನಮ್ಮ ಆಟಕ್ಕೆ ಮೊದಲು ಗೊತ್ತಾಗಿದ್ದು ಒಂದು ಕಲ್ಯಾಣ ಮಂಟಪ. ಹಣ ಕೊಡುವವರು ಹೇಳಿದ ಜಾಗ. ನಾನೂ ಮಾವನೂ ಹೋಗಿ ನೋಡಿದೆವು. ಫಾಲ್ಸ್ ಸೀಲಿಂಗ್, ಕಂಬಗಳಿಗೆಲ್ಲ ಪರದೆ ಬಟ್ಟೆ, ಎರಡು ಬಾಗಿಲಿಗೆ ಬೀಗ. “ಇಲ್ಲಿ ದೊಂದಿ ಆಗಲ್ಲ” ಅಂದೆ. “ಐದು ನಿಮಿಷದ್ದಕ್ಕೆ ಏನಾಗತ್ತೆ?” ಅಂದರು ಅವರು. ದೊಂದಿ ಇಲ್ಲದಿದ್ದರೆ ದುಡ್ಡೂ ಇಲ್ಲ ಅನ್ನುವವರೆಗೂ ಮಾತು ಹೋಯಿತು. ತಮ್ಮ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅವನ ಮೊದಲ ಮಹಿಷಾಸುರ, ಅಣ್ಣನೇ ಅಡ್ಡಗಾಲು.

ಆಗ ನನಗೆ ನೆನಪಾಗುತ್ತಿದ್ದದ್ದು ನಾನು ಹುಟ್ಟುವ ಮೊದಲೇ ನಡೆದ ಎರಡು ಘಟನೆ. 1981ರ ಫೆಬ್ರುವರಿ 7ರಂದು ಇದೇ ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ತೀರಿಕೊಂಡರು, ಹೆಚ್ಚಿನವರು ಮಕ್ಕಳು. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಹತ್ತಿ 62 ಜನ ಹೋದರು. ಸದ್ದು ಮಾರ್ದನಿಸಬಾರದು ಅಂತ ಅಲ್ಲಿನ ಗೋಡೆಗಳಿಗೆ ಗೋಣಿತಟ್ಟು ಹೊದೆಸಿದ್ದರು. ಮುಚ್ಚಿದ ಜಾಗ, ಸುತ್ತ ಬಟ್ಟೆ, ಹೊರಗೆ ಹೋಗಲು ದಾರಿ ಕಡಿಮೆ. ಮೂರೂ ಸೇರಿದರೆ ಐದು ನಿಮಿಷವೇ ಬಹಳ ಜಾಸ್ತಿ.

ಕೊನೆಗೆ ಮಾವ ಒಂದು ಮಾತು ಹೇಳಿದರು. “ದೊಂದಿ ಬೇಕು ಅಂತಾದ್ರೆ ಬಯಲಿಗೆ ಹೋಗುವ. ಮಂಟಪವೇ ಬೇಕು ಅಂತಾದ್ರೆ ದೊಂದಿ ಇಲ್ಲದೆ ಆಡುವ. ಎರಡರಲ್ಲಿ ಒಂದು.” ಹಣ ಕೊಡುವವರು ಹಿಂದೆ ಸರಿದರು. ನಾವು ತಲಾ ಇಷ್ಟು ಅಂತ ಹಾಕಿ ಕೆಂಗೇರಿ ಉಪನಗರದ ಬಯಲೊಂದನ್ನು ಗೊತ್ತು ಮಾಡಿದೆವು. ಪೊಲೀಸ್ ಠಾಣೆಗೆ, ಅಗ್ನಿಶಾಮಕ ಠಾಣೆಗೆ ಅರ್ಜಿ ಕೊಟ್ಟೆವು. ಶಾಮಿಯಾನ ಹಾಕಿಸಲಿಲ್ಲ, ಡಿಸೆಂಬರಿನಲ್ಲಿ ಆಕಾಶವೇ ಸಾಕು.

ಕಿರೀಟ ಬಿಚ್ಚಲು ಎಷ್ಟು ಸೆಕೆಂಡ್?

ಮೈಗೆ ಬೆಂಕಿ ಹತ್ತಿದರೆ ಓಡಬೇಡಿ, ನಿಂತು, ಮಲಗಿ, ಉರುಳಿ ಅಂತ ಶಾಲೆಯಲ್ಲೇ ಕಲಿಸುತ್ತಾರೆ. ಆದರೆ ಕೊಂಬು, ಕಿರೀಟ, ಭುಜಕೀರ್ತಿ, ಪದರ ಪದರ ಬಟ್ಟೆ ಕಟ್ಟಿಕೊಂಡ ಬಣ್ಣದ ವೇಷ ಉರುಳುವುದು ಹೇಗೆ? ಟೆರೇಸಿನ ಮೇಲೆ, ಬೆಂಕಿ ಇಲ್ಲದೆ, ತಮ್ಮನಿಗೆ ಪೂರ್ತಿ ವೇಷ ಕಟ್ಟಿ ಪ್ರಯತ್ನಿಸಿದೆವು. ಮಂಡಿಯೂರುವುದಷ್ಟೇ ಸಾಧ್ಯವಾಯಿತು. ಅಂದರೆ ಅವನನ್ನು ಅವನೇ ಉಳಿಸಿಕೊಳ್ಳಲಾರ, ಬೇರೆಯವರೇ ತಲುಪಬೇಕು.

ಇದು ಗೊತ್ತಾದ ಮೇಲೆ ಎಲ್ಲ ಲೆಕ್ಕವೂ ಬದಲಾಯಿತು. ಕಿರೀಟ ಬಿಚ್ಚಲು ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ನೋಡಿದರೆ 50 ಸೆಕೆಂಡ್. ಹಿಂದೆ ಕಟ್ಟುವ ಗಂಟು ಕುಣಿದಷ್ಟೂ ಬಿಗಿಯಾಗುವಂಥದ್ದು. ಮಾವ ಅದೇ ಹಗ್ಗದಲ್ಲಿ ಬೇರೆ ಗಂಟು ತೋರಿಸಿಕೊಟ್ಟರು. ಬಿಗಿ ಅಷ್ಟೇ, ಆದರೆ ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ತುದಿಗೆ ಕತ್ತಲಲ್ಲೂ ಕಾಣಲಿ ಅಂತ ಬಿಳಿ ಬಟ್ಟೆ ಕಟ್ಟಿದೆವು. ಇಪ್ಪತ್ತು ಸಲ ಅಭ್ಯಾಸ ಮಾಡಿದ ಮೇಲೆ 9 ಸೆಕೆಂಡಿಗೆ ಬಂತು.

ಆರಿಸುವುದಕ್ಕೆ ಒದ್ದೆ ಗೋಣಿ. ಮಾವ ಒಂದು ಗೋಣಿಯನ್ನು ಬಿಸಿಲಿಗೆ ಹಿಡಿದು, “ಬೆಳಕು ಕಾಣ್ತದಾ? ಬೆಳಕು ಬರುವಲ್ಲಿ ಬೆಂಕಿಯೂ ಬರ್ತದೆ. ಎರಡು ಪದರ ಮಾಡಿ” ಅಂದರು. ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಬೇಕು. ನೀರು ಸುರಿಯುತ್ತಿದ್ದರೆ ನೆಲ ಜಾರುತ್ತದೆ, ಬಿಸಿಗೆ ಹಬೆಯಾಗಿ ಮೈ ಬೇಯುತ್ತದೆ. ಬೆಂಕಿಯ ಮೇಲೆ ಬಡಿಯಬಾರದು, ಹೊದಿಸಿ ಅದುಮಬೇಕು, ತಲೆಯ ಕಡೆಯಿಂದ ಕಾಲಿನ ಕಡೆಗೆ. ಉರಿ ಮುಖದ ಕಡೆ ಹೋಗಬಾರದು. ಜೊತೆಗೆ ಎರಡು ಫೈರ್ ಬ್ಲಾಂಕೆಟ್, ನೆಲಕ್ಕೆ ಬಿದ್ದ ಎಣ್ಣೆಗೆ ಮರಳಿನ ಬಕೆಟ್, ಎರಡು ಪುಡಿಯ ಎಕ್ಸ್‌ಟಿಂಗ್ವಿಶರ್. ಒಂದು ದೊಡ್ಡ ಡ್ರಮ್ ತುಂಬ ಶುದ್ಧ ನೀರು, ಮಗ್ ಸಮೇತ. ಸುಟ್ಟ ಜಾಗಕ್ಕೆ ಮೊದಲ ಔಷಧ ತಣ್ಣೀರು, 20 ನಿಮಿಷ ಹರಿಯುತ್ತಿರಬೇಕು. ಟೂತ್‌ಪೇಸ್ಟ್, ಕಾಫಿ ಪುಡಿ, ತುಪ್ಪ ಯಾವುದೂ ಬೇಡ. ಒಂದು ಕಾರು ದಾರಿಗೆ ಮುಖ ಮಾಡಿ, ಕೀ ಡ್ರೈವರ್ ಕೈಯಲ್ಲಿ. ಸುಟ್ಟ ಗಾಯದ ವಿಭಾಗ ಇರುವ ವಿಕ್ಟೋರಿಯಾ ಆಸ್ಪತ್ರೆಗೆ ಹೋಗುವ ದಾರಿ ಅವನ ಫೋನಿನಲ್ಲಿ ಮೊದಲೇ ತೆರೆದಿತ್ತು.

ನಾಲ್ಕು ಜನ ನಾಲ್ಕು ದಿಕ್ಕಿಗೆ. ಮೊದಲು ಓಡುವವನು ನಾನು, ಕಿರೀಟದ ಗಂಟು ಎಳೆಯುವವನು ಬ್ಯಾಂಕಿನವನು, ದೊಂದಿ ಹುಡುಗರನ್ನು ನೋಡುವವರು ಒಬ್ಬ ಟೀಚರ್. ನಾಲ್ಕನೆಯವರು ಚಿಕ್ಕಮ್ಮ. ನೀರಿನ ಡ್ರಮ್ ಪಕ್ಕ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಒಂದು ಕೆಂಪು ಟವೆಲ್. ನಮ್ಮ ನಿಯಮ ಹೀಗಿತ್ತು: ನಾಲ್ವರಲ್ಲಿ ಯಾರೇ ಕೆಂಪು ಟವೆಲ್ ಎತ್ತಿದರೂ ರಾಳ ನಿಲ್ಲಬೇಕು. ಯಾಕೆ ಅಂತ ಆಗ ಕೇಳುವಂತಿಲ್ಲ, ಆಟ ಮುಗಿದ ಮೇಲೆ ಕೇಳಬಹುದು. ಭಾಗವತರಿಗೂ ಇದು ಅನ್ವಯ. ಮಾವ ಒಪ್ಪಿದರು.

ಆ ಸಂಜೆ

ರಾತ್ರಿ ಹತ್ತರ ನಂತರ ಮೈಕ್ ಹಾಕುವಂತಿಲ್ಲ, ಹಾಗಾಗಿ ಎಂಟೂವರೆಗೆ ಪ್ರವೇಶ. ಜನರ ನಡುವೆ ಮೊದಲೇ ಸುಣ್ಣದಲ್ಲಿ ಗೆರೆ ಎಳೆದು ಹನ್ನೆರಡು ಅಡಿ ಅಗಲದ ದಾರಿ ಬಿಟ್ಟಿದ್ದೆವು. ದೊಂದಿ ಹಚ್ಚಿದರು. ಚೆಂಡೆ ಶುರುವಾಯಿತು. ತಮ್ಮ ಒಂದು ಕೂಗು ಹಾಕಿದ ನೋಡಿ, ನನ್ನ ಮೈ ಜುಂ ಅಂತು. ರಾಳ ಎರಚುವವರು ಗಾಳಿಗೆ ಬೆನ್ನು ಕೊಟ್ಟು, ವೇಷದಿಂದ ಆಚೆ, ಮೇಲ್ಮುಖವಾಗಿ ಒಂದು ಚಿಟಿಕೆ ಎರಚಿದರು. ಭಗ್! ಜನ ಹೋ ಅಂದರು. ಎರಡನೆಯದು ಇನ್ನೂ ಎತ್ತರ ಎದ್ದಿತು.

ಮೂರನೆಯದಕ್ಕೆ ಮೊದಲು ಗಾಳಿ ತಿರುಗಿತು. ನನಗಿಂತ ಮೊದಲು ಅದು ಗೊತ್ತಾಗಿದ್ದು ಚಿಕ್ಕಮ್ಮನಿಗೆ. ದೊಂದಿಯ ಹೊಗೆ ಅವರ ಕಡೆ ಬಂತಂತೆ. ಕೆಂಪು ಟವೆಲ್ ಮೇಲೆದ್ದಿತು. ರಾಳದ ಡಬ್ಬಿಯ ಮುಚ್ಚಳ ಬಿತ್ತು. ದೊಂದಿ ಹುಡುಗರು ಇಬ್ಬರೂ ಎರಡು ಹೆಜ್ಜೆ ಹೊರಗೆ ಸರಿದರು. ಮಾವ ಹಾಡು ನಿಲ್ಲಿಸಲಿಲ್ಲ, ಕಾಲ ಮಾತ್ರ ಏರಿಸಿದರು. ತಮ್ಮ ಉಳಿದ ದಾರಿಯನ್ನು ಬೆಂಕಿ ಇಲ್ಲದೆಯೇ ಕುಣಿದು ರಂಗಸ್ಥಳ ಹತ್ತಿದ. ಹಿಂದೆ ಯಾರೋ “ಮೂರನೇದು ಹಾಕ್ಲೇ ಇಲ್ಲ ನೋಡು” ಅಂದದ್ದು ಕೇಳಿಸಿತು. ಎರಡು ದೊಂದಿಯನ್ನೂ ಮರಳಿನ ಬಕೆಟ್ಟಿಗೆ ತಲೆಕೆಳಗಾಗಿ ಊರಿ ಆರಿಸಿ, ಎಣಿಸಿದೆ. ಎರಡು. ಸರಿಯಾಗಿತ್ತು.

ಒಟ್ಟು ಮೂರು ನಿಮಿಷ ಮುಗಿಯುವುದರೊಳಗೆ ಬೆಂಕಿಯ ಕೆಲಸ ಮುಗಿದಿತ್ತು. ಒದ್ದೆ ಗೋಣಿಗಳು ಮಡಚಿದ ಹಾಗೆಯೇ ಉಳಿದವು. ಅವು ಹಾಗೇ ಉಳಿಯಲಿ ಅಂತಲೇ ಎರಡು ತಿಂಗಳು ಕಷ್ಟಪಟ್ಟದ್ದು.

ನಿಮಗೊಂದು ಮಾತು

ನೀವು ಯಕ್ಷಗಾನ ಆಡದೇ ಇರಬಹುದು. ಆದರೆ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ವೀರಗಾಸೆಯವರನ್ನು ಕರೆಸುತ್ತೀರಿ, ಪಂಜಿನ ಮೆರವಣಿಗೆ ಮಾಡುತ್ತೀರಿ. ಮದುವೆ ರಿಸೆಪ್ಷನ್ನಿಗೆ ಬೆಂಕಿಯ ಎಂಟ್ರಿ ಬುಕ್ ಮಾಡುತ್ತೀರಿ. ಆಗ ರೇಟ್ ಕೇಳುವ ಮೊದಲು ನಾಲ್ಕು ವಿಷಯ ಕೇಳಿ. ಜಾಗ ಬಯಲಾ, ಮುಚ್ಚಿದ್ದಾ? ಮೈಮೇಲಿನ ಬಟ್ಟೆ ಯಾವುದು? ಎಣ್ಣೆ ಯಾವುದು, ಅದು ಎಲ್ಲಿರುತ್ತದೆ? ನಿಲ್ಲಿಸಿ ಅನ್ನುವ ಅಧಿಕಾರ ಯಾರ ಕೈಯಲ್ಲಿದೆ? ನಾಲ್ಕನೆಯದಕ್ಕೆ ಉತ್ತರ ಒಬ್ಬ ವ್ಯಕ್ತಿಯ ಹೆಸರಾಗಿರಬೇಕು. ‘ನಾವೆಲ್ಲ ಇರ್ತೀವಿ ಸರ್’ ಅಂದರೆ ಯಾರೂ ಇಲ್ಲ ಅಂತಲೇ ಅರ್ಥ. ಆ್ಯಂಬುಲೆನ್ಸಿಗೆ 108, ಅಗ್ನಿಶಾಮಕಕ್ಕೆ 101 ಅಥವಾ 112.

ಈ ಡಿಸೆಂಬರಿಗೂ ‘ದೇವಿ ಮಹಾತ್ಮೆ’ ಇದೆ. ನಾನು ಬರೆದ ಪಟ್ಟಿ ಈಗ ತಂಡದ ವಾಟ್ಸ್ಯಾಪ್ ಗುಂಪಿನಲ್ಲಿ ಪಿನ್ ಆಗಿದೆ. ಮೇಲೆ ತಮ್ಮನೇ ಒಂದು ಸಾಲು ಸೇರಿಸಿದ್ದಾನೆ: ‘ಗಾಳಿ ನೋಡುವ ಕೆಲಸ ಅಮ್ಮನದ್ದು, ಬೇರೆ ಯಾರೂ ಕೇಳಬಾರದು.’